ಭಾವನ ವ್ಯಾನಿನ ಫ್ಯಾನು

ಭಾವ ತಮ್ಮ ಅರವತ್ತನೆಯ ಹುಟ್ಟುಹಬ್ಬಕ್ಕೆ ತಮ್ಮನಿಗೊಂದು ವ್ಯಾನು ದಾನ ಮಾಡಿದರು. ಸುಮ್ಮನೆ ಬೀಗದ ಕೈ ಕೊಟ್ಟು ‘ತಗೊಂಡು ಹೋಗಪ್ಪ’ ಅಂದುಬಿಟ್ಟರೆ ಅದು ಯಾರ ದಾನವಾದರೂ ಆದೀತು, ಭಾವನ ದಾನವಾಗದು. ಅವರಿದ್ದ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘಕ್ಕೆ ಅವರು ಬಹುಕಾಲದ ಅಧ್ಯಕ್ಷರು. ಮೈಕು ಕಂಡರೆ ಬೆಲ್ಲ ಕಂಡ ಇರುವೆ. ಅಂಗಳದಲ್ಲಿ ಕುರ್ಚಿ ಹಾಕಿಸಿ, ವ್ಯಾನಿನ ಮೂತಿಗೆ ಕೆಂಪು ರಿಬ್ಬನ್ನು ಕಟ್ಟಿಸಿ, ಒಡಹುಟ್ಟಿದವರ ಬಾಂಧವ್ಯದ ಬಗ್ಗೆ ಕೇಳುವವರ ಕಾಲು ಜೋಮು ಹಿಡಿಯುವ ತನಕ ಮಾತಾಡಿ, ಕೊನೆಗೆ ಕಣ್ಣೊರೆಸಿಕೊಂಡು ಬೀಗದ ಕೈ ಕೊಟ್ಟರು. ಕಣ್ಣಲ್ಲಿ ನೀರಿತ್ತೋ ಇಲ್ಲವೋ, ಕರವಸ್ತ್ರವಂತೂ ಇತ್ತು.

ಅದು ಊರೂರು ಸುತ್ತುತ್ತ ಒಳಗೇ ಮಲಗುವವರ ಕ್ಯಾಂಪರ್ ವ್ಯಾನು. ಮಡಚಿದರೆ ಸೋಫಾ, ಬಿಡಿಸಿದರೆ ಹಾಸಿಗೆಯಾಗುವ ಬೆಂಚುಗಳು, ಅಂಗೈಯಗಲದ ಸಿಂಕು, ಪುಟ್ಟದೊಂದು ಗ್ಯಾಸ್ ಒಲೆ, ಮುಚ್ಚಿದರೆ ತೆರೆಯದ, ತೆರೆದರೆ ಮುಚ್ಚದ ಕಪಾಟು. ವಯಸ್ಸಿನಲ್ಲಿ ಅದು ತಮ್ಮನ ಸಂಸಾರಕ್ಕಿಂತ ಹಿರಿಯದು.

ಆ ತಮ್ಮ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂಬದಿಯ ಕೋಣೆಯಲ್ಲಿ ಕೂತು ಹಲ್ಲುಸೆಟ್ಟು ಮಾಡುವವನು. ಊರಿನ ಅರ್ಧ ಮುದುಕರು ನಗುವುದು ಅವನು ಕೂರಿಸಿದ ಹಲ್ಲಿನಿಂದ. ಅವನು ಮಾತ್ರ ಅಣ್ಣನ ಮುಂದೆ ತುಟಿ ಬಿಚ್ಚಿದವನಲ್ಲ. ಅವನ ಹೆಂಡತಿ, ಅಂದರೆ ಇವರನ್ನು ‘ಭಾವ’ ಎನ್ನುವವಳು, ಶಾಲಾ ಬಸ್ಸಿನ ಡ್ರೈವರು. ಮಕ್ಕಳು ಕರೆಯುತ್ತಿದ್ದ ‘ಡ್ರೈವರಮ್ಮ’ ಅನ್ನುವ ಹೆಸರು ಬಸ್ಸಿನಿಂದ ಇಳಿದು ಅವಳ ಹಿಂದೆಯೇ ಮನೆಯೊಳಗೂ ಬಂದು ಕೂತುಬಿಟ್ಟಿತ್ತು. ತುಟಿ ಬಿಚ್ಚುವ ಕೆಲಸವನ್ನು ಆ ಮನೆಯಲ್ಲಿ ಅವಳೇ ನೋಡಿಕೊಳ್ಳುತ್ತಿದ್ದಳು.

ದಾನಕ್ಕೊಂದು ಬಾಲವಿತ್ತು. ಭಾವನ ಮಂಡಿಗೆ ಬಿಸಿನೀರಿನ ಬುಗ್ಗೆ ಒಳ್ಳೆಯದೆಂದು ಯಾರೋ ಹೇಳಿದ್ದರಿಂದ, ಪ್ರತಿ ಚಳಿಗಾಲ ಅವರನ್ನೂ ಅವರ ಹೆಂಡತಿಯನ್ನೂ ಘಾಟಿಯಾಚೆಯ ಬುಗ್ಗೆಯ ಊರಿಗೆ ಆ ವ್ಯಾನಿನಲ್ಲಿ ಕರೆದೊಯ್ಯಬೇಕು. ಭಾವನ ಮನೆಯಲ್ಲೇ ಇದ್ದ ಅವರ ತಾಯಿ, ಅಂದರೆ ಡ್ರೈವರಮ್ಮನ ಅತ್ತೆಯೂ ಜೊತೆಗೆ. ಓಡಿಸುವುದು ಡ್ರೈವರಮ್ಮ. ವರ್ಷವಿಡೀ ಪರರ ಮಕ್ಕಳನ್ನು ಹೊತ್ತು, ರಜೆಯಲ್ಲಿ ಗಂಡನ ಕಡೆಯವರನ್ನು ಹೊರುವುದು ಅವಳ ಹಣೆಬರಹವಾಯಿತು.

ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಹೀಟರಿನ ಫ್ಯಾನು. ಗುಂಡಿ ತಿರುಗಿಸಿದ್ದೇ ತಡ, ಮುಂದಿನ ಸೀಟಿನ ಕೆಳಗೆ ಹಲ್ಲುನೋವು ಬಂದ ಹಂದಿಯೊಂದು ಎದ್ದು ಅರಚಿಕೊಳ್ಳುತ್ತಿತ್ತು. ಏರಿನಲ್ಲಿ ಒಂದು ರಾಗ, ಇಳಿಜಾರಿನಲ್ಲಿ ಇನ್ನೊಂದು. ನಿಲ್ಲಿಸೋಣವೆಂದರೆ ಮೂಳೆಯೊಳಗೆ ಇಳಿಯುವ ಚಳಿ, ಮುಂದಿನ ಗಾಜಿನ ಮೇಲೆ ರಸ್ತೆಯೇ ಕಾಣದಷ್ಟು ಹಬೆ. ಹೀಗಾಗಿ ಆ ವ್ಯಾನಿನೊಳಗೆ ಕಾಲಕ್ರಮೇಣ ಮಾತಿಗೊಂದು ಕಟ್ಟಳೆ ಹುಟ್ಟಿಕೊಂಡಿತು. ಎಲ್ಲರಿಗೂ ಕೇಳಿಸಬೇಕಾದದ್ದನ್ನು ಗಂಟಲು ಹರಿಯುವಂತೆ ಕೂಗುವುದು. ಕೇಳಿಸಬಾರದ್ದನ್ನು ಮಾಮೂಲು ದನಿಯಲ್ಲಿ ಆಡುವುದು. ಕನ್ನಡಿಯಲ್ಲಿ ಹಿಂದಿನ ಸೀಟಿನ ತುಟಿಗಳು ಅಲ್ಲಾಡುವುದು ಡ್ರೈವರಮ್ಮನಿಗೆ ಕಾಣುತ್ತಿತ್ತು. ಪಕ್ಕದಲ್ಲಿ ಅತ್ತೆ ಕೂತಿದ್ದರೂ ಅವಳೂ ತನ್ನ ಪಾಲಿನ ಗೊಣಗಾಟವನ್ನು ಧಾರಾಳವಾಗಿ ಗೊಣಗಿಕೊಳ್ಳುತ್ತಿದ್ದಳು.

ಒಮ್ಮೆ ಅವಳು ತಡೆಯಲಾರದೆ ಫ್ಯಾನಿನ ವಿಷಯ ಎತ್ತಿದಳು. ಭಾವ ನೊಂದವರಂತೆ ತಲೆಯಾಡಿಸಿದರು.

“ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ. ಅದು ಕೂಗ್ತಿದೆ ಅಂದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ ಕಣಮ್ಮ. ಸುಮ್ನಿರೋ ಯಂತ್ರ, ಸುಮ್ನಿರೋ ಸೊಸೆ, ಎರಡನ್ನೂ ನಂಬಬಾರದು. ಯಾರೂ ಅದಕ್ಕೆ ಕೈ ಹಾಕ್ಬೇಡಿ.”

ಗ್ಯಾರೇಜಿನವನಿಗೂ ತೋರಿಸಿದ್ದಾಯಿತು. ಅವನು ಕೈಯೊರೆಸಿಕೊಂಡು, ಕಣ್ಣು ಮುಚ್ಚಿ, ಸಂಗೀತ ಬಲ್ಲವನ ಹಾಗೆ ಒಂದಿಷ್ಟು ಹೊತ್ತು ಆಲಿಸಿದ. “ಇದಕ್ಕೆ ಮುಂದುಗಡೆ ಎಲ್ಲಾ ಬಿಚ್ಚಬೇಕು. ಬಿಚ್ಚಿದ್ರೂ ಈ ಫ್ಯಾನು ಈಗ ಎಲ್ಲೂ ಸಿಗಲ್ಲ,” ಅಂದ.

“ಹಾಗಾದ್ರೆ ಏನ್ಮಾಡೋದು?”

“ರೇಡಿಯೋ ಜೋರಾಗಿಡಿ.”

ಹೀಗೇ ನಡೆಯುತ್ತಿತ್ತೋ ಏನೋ. ಆದರೆ ಆ ವರ್ಷ ಬುಗ್ಗೆಯ ಊರಿಗೆ ಹೊರಡುವ ಹಿಂದಿನ ವಾರ ವ್ಯಾನನ್ನು ಬಿಸಿ ಮಾಡಿ ನೋಡೋಣವೆಂದು ಡ್ರೈವರಮ್ಮ ಗುಂಡಿ ತಿರುಗಿಸಿದಾಗ ಫ್ಯಾನು ಹಿಂದೆಂದೂ ಇಲ್ಲದಷ್ಟು ಎತ್ತರಕ್ಕೆ ಏರಿ, ಸುಟ್ಟ ರಬ್ಬರಿನ ವಾಸನೆ ಬಿಟ್ಟು, ಗೊಟಕ್ಕೆಂದು ನಿಂತಿತು. ಫ್ಯೂಸು ಹಾರಿತ್ತು. ಸುದ್ದಿ ತಿಳಿದ ಭಾವ ಫೋನು ಮಾಡಿದರು. “ನಾನು ಕೊಟ್ಟಾಗ ಸರಿಯಾಗಿತ್ತು. ಈಗ ನನ್ನ ಮಂಡಿ ಗತಿ ಏನು?”

“ಮಂಡಿಗೆ ಟೋಪಿ ಹಾಕೋಕೆ ಹೇಳಿ,” ಎಂದಳು ಡ್ರೈವರಮ್ಮ, ಫೋನು ಇಟ್ಟ ಮೇಲೆ. ಗಂಡ ಸ್ಕ್ರೂಡ್ರೈವರು ಹುಡುಕಲು ಹೋದ.

ಭಾನುವಾರ ಬೆಳಿಗ್ಗೆ ಇಬ್ಬರೂ ವ್ಯಾನಿನೊಳಗೆ ಮೊಣಕಾಲೂರಿದರು. ಗ್ಯಾರೇಜಿನವನ ಮಾತಿನಂತೆ ಮುಂದುಗಡೆ ಎಲ್ಲ ಬಿಚ್ಚುವ ಅಗತ್ಯವೇನೂ ಬೀಳಲಿಲ್ಲ. ಪಕ್ಕದ ಸೀಟು ಎತ್ತಿದರೆ ಕೆಳಗೆ ತಗಡಿನ ಪೆಟ್ಟಿಗೆ, ಅದರೊಳಗೆ ಫ್ಯಾನು. ಆದರೆ ತುಕ್ಕು ಹಿಡಿದ ಸ್ಕ್ರೂಗಳು ಮದುವೆಯ ಮಾತುಕತೆಗೆ ಕೂತ ಬೀಗರಂತೆ ಜಗ್ಗಲೊಲ್ಲವು. ಒಂದರ ತಲೆ ಸವೆದೇ ಹೋಯಿತು. ಡ್ರೈವರಮ್ಮ ಅದನ್ನು ಉಳಿಯಿಟ್ಟು ಹೊಡೆದು ಹಾರಿಸಿದಳು. ಅದರ ಜೊತೆಗೆ ಹೆಬ್ಬೆರಳಿನ ಉಗುರೂ ಅರ್ಧ ಹಾರಿತು. ಆಗ ಅವಳ ಬಾಯಿಂದ ಬಂದ ಮಾತುಗಳನ್ನು ಶಾಲಾ ಮಕ್ಕಳು ಕೇಳದಿದ್ದದ್ದು ಒಳ್ಳೆಯದೇ ಆಯಿತು.

ಮುಚ್ಚಳ ತೆಗೆದರೆ ಒಳಗೆ ಇಲಿಯ ಗೂಡು. ಇಲಿಗಳು ಯಾವತ್ತೋ ಸಂಸಾರ ಖಾಲಿ ಮಾಡಿದ್ದವು, ಹಾಸಿಗೆ ಮಾತ್ರ ಬಿಟ್ಟುಹೋಗಿದ್ದವು. ಚೂರುಚೂರು ಕಾಗದ. ಡ್ರೈವರಮ್ಮ ಒಂದು ಚೂರನ್ನು ಬೆಳಕಿಗೆ ಹಿಡಿದಳು. ‘ನಿಮ್ಮ ಅಧ್ಯಕ್ಷನಾಗಿ ನಾನು’ ಎಂದಿತ್ತು. ಇನ್ನೊಂದು ಚೂರಿನಲ್ಲೂ ‘ನಾನು’. ಹಂಚದೆ ಉಳಿದ ಸಂಘದ ಸುತ್ತೋಲೆಗಳನ್ನು ಭಾವ ವ್ಯಾನಿನಲ್ಲಿ ಪೇರಿಸಿಡುತ್ತಿದ್ದ ಕಾಲದ್ದು. ಆ ಸುತ್ತೋಲೆಗಳಿಂದ ಪ್ರಯೋಜನ ಪಡೆದ ಏಕೈಕ ಕುಟುಂಬ ಆ ಇಲಿಗಳದ್ದೇ ಇರಬೇಕು.

ಕಾಗದ ಬಾಚಿ ತೆಗೆದ ಮೇಲೆ ರೋಗ ಕಣ್ಣಿಗೆ ಬಿತ್ತು. ಫ್ಯಾನೆಂದರೆ ಸುತ್ತಲೂ ಸಣ್ಣ ಸಣ್ಣ ರೆಕ್ಕೆಗಳಿದ್ದ ದುಂಡನೆಯ ಪ್ಲಾಸ್ಟಿಕ್ ಚಕ್ರ. ಕೆಲವು ರೆಕ್ಕೆಗಳು ಮುರಿದು ಚಕ್ರ ಒಂದು ಕಡೆಗೆ ವಾಲಿತ್ತು, ವಾಲಿದ್ದರಿಂದ ತಗಡಿಗೆ ಉಜ್ಜುತ್ತಿತ್ತು. ಮೋಟರಿನ ಕಂಬಿಯಂತೂ ಎಣ್ಣೆಯ ಮುಖ ನೋಡಿ ಎಷ್ಟು ಕಾಲವಾಗಿತ್ತೋ, ಕೈಯಲ್ಲಿ ತಿರುಗಿಸಿದರೂ ಕಿರ್ರೆಂದಿತು.

ಗಂಡ ಚಕ್ರವನ್ನು ಅಂಗೈ ಮೇಲಿಟ್ಟುಕೊಂಡು ತಿರುವಿ ತಿರುವಿ ನೋಡಿದ. ಬೋಳು ಬಾಯಿ ನೋಡುವಾಗ ಅವನ ಮುಖ ಹೀಗೇ ಆಗುತ್ತಿತ್ತು. “ಹಲ್ಲು ಉದುರಿದೆ, ಅಷ್ಟೇ,” ಎಂದು ಅದನ್ನು ಚೀಲಕ್ಕೆ ಹಾಕಿಕೊಂಡು ಕ್ಲಿನಿಕ್ಕಿಗೆ ಹೋದ.

ಮಧ್ಯಾಹ್ನ ಬಂದಾಗ ಚಕ್ರಕ್ಕೆ ಹೊಸ ರೆಕ್ಕೆಗಳು ಬಂದಿದ್ದವು. ಕಪ್ಪು ರೆಕ್ಕೆಗಳ ನಡುವೆ ತಿಳಿಗುಲಾಬಿ ಬಣ್ಣದವು.

“ಇದೇನ್ರೀ ಗುಲಾಬಿ?”

“ಒಸಡು. ಹಲ್ಲುಸೆಟ್ಟಿಗೆ ಹಾಕೋ ಮಸಾಲೆ.”

“ಫ್ಯಾನಿಗೆ ಒಸಡಾ?”

“ಬಿಸಿ ಕಾಫಿ ತಡ್ಕೊಳುತ್ತೆ ಅಂದ್ರೆ ಬಿಸಿ ಗಾಳಿ ತಡ್ಕೊಳಲ್ವಾ?”

ಚಕ್ರವನ್ನು ಸೂಜಿಯ ಮೇಲೆ ನಿಲ್ಲಿಸಿ, ಯಾವ ಕಡೆ ಭಾರವಾಗಿ ವಾಲುತ್ತದೋ ಆ ಕಡೆ ಚೂರು ಚೂರೇ ಅರದಿಂದ ತೇಯ್ದ. ತನ್ನ ತಾಯಿಯ ಕೆಳಗಿನ ಹಲ್ಲುಸೆಟ್ಟಿಗೂ ಅವನು ಇಷ್ಟು ತಾಳ್ಮೆ ತೋರಿಸಿರಲಿಲ್ಲ. ಅಷ್ಟರಲ್ಲಿ ಡ್ರೈವರಮ್ಮ ಮೋಟರು ಒರೆಸಿ, ಎಣ್ಣೆಯ ಹನಿ ಬಿಟ್ಟು, ಹೊಸ ಫ್ಯೂಸು ಸಿಕ್ಕಿಸಿ, ಎಲ್ಲವನ್ನೂ ತಾನೇ ಜೋಡಿಸಿದಳು. ಗುಂಡಿ ತಿರುಗಿಸಿದರೆ ಸದ್ದೇ ಇಲ್ಲ! ಕಿವಿಗೊಟ್ಟರೆ ಮಾತ್ರ ಸಣ್ಣದೊಂದು ಸುಯ್ಯೆನ್ನುವ ಉಸಿರು. ಅವಳು ಕುಣಿಯುವುದೊಂದು ಬಾಕಿ. ಆಮೇಲೆ ಗಾಳಿ ಬರುವ ಕಿಂಡಿಗೆ ಕೈಯೊಡ್ಡಿದಳು. ಅಲ್ಲಿ ಗಾಳಿಯೂ ಇಲ್ಲ.

“ಇದು ನಿಮ್ಮಣ್ಣನ ಉಲ್ಟಾ ರೀ. ಅವರದು ಬರೀ ಗಾಳಿ. ಇದಕ್ಕೆ ಗಾಳೀನೇ ಇಲ್ಲ.”

ಗಂಡ ನಕ್ಕ. ಅಣ್ಣನ ಮೇಲಿನ ಮಾತಿಗೆ ಅವನು ನಕ್ಕದ್ದು ಅದೇ ಮೊದಲು. ನಕ್ಕಾದ ಮೇಲೆ ಯಾರಾದರೂ ನೋಡಿದರೇನೋ ಎಂಬಂತೆ ಕಿಟಕಿಯಾಚೆ ಕಣ್ಣಾಡಿಸಿದ.

ರೆಕ್ಕೆ ಸರಿ ಕೂರಿಸಿಲ್ಲವೆಂದು ಅವಳು ಅವನನ್ನು ಸಾಕಷ್ಟು ಬೈದಾದ ಮೇಲೆ ಗೊತ್ತಾದದ್ದು, ಎರಡು ತಂತಿಗಳನ್ನು ಅದಲುಬದಲು ಸಿಕ್ಕಿಸಿದ್ದು ಅವಳೇ ಎಂದು. ಚಕ್ರ ಹಿಂದುಮುಂದಾಗಿ ಸುತ್ತುತ್ತಿತ್ತು. ತಂತಿ ಬದಲಿಸಿದಳು. ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಬೈದದ್ದನ್ನು ಮಾತ್ರ ಹಿಂದಕ್ಕೆ ತಗೊಳ್ಳಲಿಲ್ಲ.

ಹೊರಡುವ ದಿನ ಭಾವ ಕಿವಿ ಮುಚ್ಚುವ ಉಣ್ಣೆಯ ಟೋಪಿ, ಅದರ ಮೇಲೊಂದು ಮಫ್ಲರು ಸುತ್ತಿಕೊಂಡು ಗೇಟಿನಲ್ಲಿ ನಿಂತಿದ್ದರು. ಫ್ಯೂಸು ಬದಲಿಸಿಯಾಯಿತೆಂದಷ್ಟೇ ಗಂಡ ಅವರಿಗೆ ಫೋನಿನಲ್ಲಿ ತಿಳಿಸಿದ್ದ. ಫ್ಯಾನಿನ ದನಿ ಅಡಗಿದ ಸುದ್ದಿಯನ್ನು ಡ್ರೈವರಮ್ಮ ಸಂಭ್ರಮದಿಂದಲೇ ಹೇಳುವವಳಿದ್ದಳು. ಆದರೆ ಭಾವ ಬಾಗಿಲು ತೆಗೆಯುವ ಮುಂಚೆಯೇ “ಹೊತ್ತಿಗೆ ಸರಿಯಾಗಿ ಬರೋದು ಶಾಲೆ ಮಕ್ಕಳಿಗೆ ಮಾತ್ರಾನಾ?” ಎಂದು ಶುರು ಮಾಡಿದ್ದರಿಂದ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಅತ್ತೆ ಮುಂದಿನ ಸೀಟಿಗೆ ಹತ್ತಿದರು. ಗಂಡ ನಡುವಿನ ಬೆಂಚಿಗೆ. ಭಾವ ಮತ್ತು ಓರಗಿತ್ತಿ ಹಿಂದಿನ ಸೋಫಾಕ್ಕೆ.

ಊರು ದಾಟಿದ ಮೇಲೆ ಅವಳು ಗುಂಡಿ ತಿರುಗಿಸಿದಳು. ಇಂಜಿನ್ನು ಗುರುಗುಟ್ಟುತ್ತಿತ್ತು, ಕಪಾಟು ಎಂದಿನಂತೆ ಕಟಕಟ ಅನ್ನುತ್ತಿತ್ತು, ಅಷ್ಟೇ.

“ಹೀಟರು ಹಾಕಿದ್ದೀಯಾ?” ಭಾವ ಕೂಗಿದರು.

“ಹಾಕಿದೀನಿ ಭಾವಾ!” ಅಭ್ಯಾಸಬಲದಿಂದ ಅವಳೂ ಕೂಗಿದಳು.

ಬಿಸಿಗಾಳಿ ಮಂಡಿ ಮುಟ್ಟಿದ ಮೇಲೆ ಭಾವನಿಗೆ ಸಮಾಧಾನವಾಯಿತು. ಟೋಪಿಯೊಳಗಿನ ಕಿವಿಗೆ ಹಂದಿ ಸತ್ತ ಸುದ್ದಿ ತಲುಪಲಿಲ್ಲ. ಅವರು ಹೆಂಡತಿಯ ಕಡೆ ವಾಲಿ, ಎಂದಿನ ಮಾಮೂಲು ದನಿಯಲ್ಲಿ ಶುರು ಹಚ್ಚಿಕೊಂಡರು. ಕನ್ನಡಿಯಲ್ಲಿ ತುಟಿ ಅಲ್ಲಾಡಿತು. ಈ ಸಲ ತುಟಿಯ ಜೊತೆಗೆ ಮಾತೂ ಬಂತು.

“ಇವಳ ಡ್ರೈವಿಂಗ್ ನೋಡು. ನಮ್ಮನ್ನೂ ಕುರಿಮರಿ ಅಂದ್ಕೊಂಡಿದ್ದಾಳೆ.”

ಡ್ರೈವರಮ್ಮನ ಕಾಲು ಬ್ರೇಕಿನ ಮೇಲೆ ಒಂದು ಗಳಿಗೆ ತಡೆಯಿತು. ಗಂಡ ಬೆಂಚಿನ ಮೇಲೆ ಕಲ್ಲಾಗಿ ಕೂತ. ಓರಗಿತ್ತಿ ಮಾತ್ರ ತಲೆಯೆತ್ತಿ ಕನ್ನಡಿಯತ್ತ ನೋಡಿದಳು. ಅವಳ ತಲೆಯ ಮೇಲೆ ಟೋಪಿಯಿರಲಿಲ್ಲ. ಫ್ಯಾನು ಕೂಗುತ್ತಿಲ್ಲವೆಂದು ಅವಳಿಗೆ ಗೊತ್ತಾಗಿದೆ, ಎಲ್ಲರಿಗೂ ಕೇಳಿಸುತ್ತಿದೆಯೆಂದೂ ಗೊತ್ತಾಗಿದೆ. ಡ್ರೈವರಮ್ಮ ಕಣ್ಣಲ್ಲೇ ಅಷ್ಟನ್ನೂ ಓದಿಕೊಂಡಳು. ಗಂಡನ ಮೊಣಕೈ ತಿವಿದು ಎಚ್ಚರಿಸುವುದು ಒಳ್ಳೆಯ ಹೆಂಡತಿಯ ಲಕ್ಷಣ. ಓರಗಿತ್ತಿ ಜೀವಮಾನವಿಡೀ ಒಳ್ಳೆಯ ಹೆಂಡತಿಯಾಗಿದ್ದವಳು. ಇವತ್ತು ಅದಕ್ಕೆ ರಜೆ ಹಾಕಿದಳೋ ಏನೋ. ಹವೆ ಹೇಗಿದೆಯೆಂದು ಕೇಳುವ ದನಿಯಲ್ಲಿ ಕೇಳಿದಳು.

“ಅಲ್ಲಾ, ಈ ವ್ಯಾನನ್ನ ಇವರಿಗೇ ಯಾಕೆ ಕೊಟ್ರಿ?”

“ನಿನಗೆ ಗೊತ್ತಿಲ್ವಾ? ಗುಜರಿಯವನೇ ನೋಡಿ ನಕ್ಕುಬಿಟ್ಟ. ಸುಮ್ನೆ ಕಾರು ನಿಲ್ಸೋ ಜಾಗ ತಿಂತಿತ್ತು. ಇವನಿಗೆ ದಾಟಿಸ್ದೆ. ಪೀಡೆ ಹೋಯ್ತು, ಹೆಸರೂ ಬಂತು. ಡ್ರೈವರಂತೂ ಪುಕ್ಕಟೆ.”

“ಅಮ್ಮನ ವಿಷಯ ಏನ್ಮಾಡಿದ್ರಿ?”

“ಬರೋವಾಗ ಅವಳ ಪೆಟ್ಟಿಗೆ ಇವರ ಮನೇಲೇ ಇಳಿಸೋದು. ಸ್ವಲ್ಪ ದಿನ ಇರ್ಲಿ ಅಂತೀನಿ. ಸ್ವಲ್ಪ ದಿನಕ್ಕೆ ಕೊನೆ ಅಂತ ಎಲ್ಲಿದೆ? ಅವಳ ಕೋಣೆ ನನಗೆ ಸಂಘದ ಆಫೀಸಿಗೆ ಬೇಕು.”

“ಅವರು ಒಪ್ಪದಿದ್ರೆ?”

“ವ್ಯಾನು ಬೇಕು, ತಾಯಿ ಬೇಡ ಅಂತಾನಾ? ಋಣದಲ್ಲಿರೋನ ಬಾಯಿಗೆ ಬೀಗ ಕಣೇ. ಅವನ ಕೈಲಿ ಎಲ್ಲರ ಹಲ್ಲೂ ಇದೆ, ಅವನಿಗೇ ಹಲ್ಲಿಲ್ಲ.” ತಮ್ಮ ಮಾತಿಗೆ ತಾವೇ ಮೆಚ್ಚಿಕೊಂಡು ನಕ್ಕರು.

ಅತ್ತೆ ಮುಂದಿನ ಸೀಟಿನಲ್ಲಿ ಬಿಸಿಗಾಳಿಗೆ ಎರಡೂ ಕೈ ಒಡ್ಡಿಕೊಂಡು ಕೂತಿದ್ದರು. ಅಮ್ಮನಿಗೆ ಕಿವಿ ಮಂದ ಎಂದು ಭಾವ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಅವರಿಗೆ ಮಂದವಾಗಿದ್ದದ್ದು ಕಿವಿಯಲ್ಲ, ಹಿರಿಮಗನ ಭಾಷಣದ ಮೇಲಿನ ಆಸಕ್ತಿ. ಈಗ ನಿಧಾನವಾಗಿ ಹಿಂದಕ್ಕೆ ತಿರುಗಿದರು.

“ಮಗಾ, ಇನ್ನೂ ಸ್ವಲ್ಪ ಜೋರಾಗಿ ಹೇಳಪ್ಪ. ಹಿಂದೆ ಬರ್ತಿರೋ ಲಾರಿಯವನಿಗೆ ಕೊನೇದು ಸರಿಯಾಗಿ ಕೇಳಿಸ್ಲಿಲ್ಲ.”

ಕಪಾಟು ಕೂಡ ಕಟಕಟ ನಿಲ್ಲಿಸಿದಂತಾಯಿತು. ಭಾವ ಮಫ್ಲರು ಬಿಚ್ಚಿದರು. ಟೋಪಿ ತೆಗೆದರು. ಬೋಳುತಲೆ ಅತ್ತಿತ್ತ ತಿರುಗಿತು.

“ಫ್ಯಾನು... ಫ್ಯಾನು ಏನಾಯ್ತು?”

“ರಿಪೇರಿ ಆಯ್ತಣ್ಣ,” ಎಂದ ಗಂಡ, ಕಿಟಕಿಯ ಕಡೆ ನೋಡುತ್ತ.

“ಯಾರನ್ನ ಕೇಳಿ ಮುಟ್ಟಿದ್ರಿ?”

ತಪ್ಪು ಆಡಿದವರದ್ದಲ್ಲವಂತೆ, ಕೇಳುವ ಹಾಗೆ ಮಾಡಿದವರದ್ದಂತೆ! ಇದು ಒಳಸಂಚು, ಇದು ಹಿರಿಯರಿಗೆ ಬಗೆದ ದ್ರೋಹ, ಗಂಡಹೆಂಡಿರ ಖಾಸಗಿ ಮಾತಿಗೆ ಕಿವಿಗೊಡುವುದು ಯಾವ ಸಂಸ್ಕಾರ ಎಂದು ಭಾವ ಘಾಟಿಯ ಬುಡದ ಪೆಟ್ರೋಲ್ ಬಂಕು ಬರುವ ತನಕ ಒಂದೇ ಉಸಿರಿಗೆ ಮಾತಾಡಿದರು. ಹಾದಿ ಸಾಗಿದಷ್ಟೂ ಅವರ ದನಿ ಏರಿತು. ಫ್ಯಾನು ನಿಲ್ಲಿಸಿದ್ದ ಕೆಲಸವನ್ನು ಅವರೇ ವಹಿಸಿಕೊಂಡಂತಿತ್ತು.

ಬಂಕಿನಲ್ಲಿ ವ್ಯಾನು ನಿಂತಿದ್ದೇ ಕೆಳಗಿಳಿದು ಕೈಚಾಚಿದರು. “ಬೀಗದ ಕೈ ಕೊಡು. ನನ್ನ ವ್ಯಾನು ನನಗೆ ವಾಪಸ್ ಬೇಕು.”

ಜಗಳವಾಡುತ್ತಾಳೆಂದು ಅಂದುಕೊಂಡಿದ್ದರೇನೋ. ಡ್ರೈವರಮ್ಮ ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟು ಪಕ್ಕಕ್ಕೆ ಸರಿದಳು.

ಭಾವ ಸೀಟಿಗೆ ಹತ್ತಿ ಕೂತರು. ಆ ವ್ಯಾನಿನ ಕ್ಲಚ್ಚು ಕೋಣನ ಕುತ್ತಿಗೆಯಷ್ಟು ಗಟ್ಟಿ. ಮಂಡಿ ನೋಯುವವರಿಗೆ ಬಗ್ಗುವ ಪೈಕಿಯದಲ್ಲ. ವ್ಯಾನು ಒಮ್ಮೆ ಮುಂದಕ್ಕೆ ಕುಪ್ಪಳಿಸಿ ಸತ್ತಿತು. ಮತ್ತೊಮ್ಮೆ ಕುಪ್ಪಳಿಸಿ ಮತ್ತೆ ಸತ್ತಿತು. ಹಿಂದೆ ಸಾಲುಗಟ್ಟಿದ ಗಾಡಿಗಳು ಹಾರ್ನು ಬಾರಿಸಿದವು. ಲಾರಿಯಿಂದ ಒಬ್ಬ ಇಳಿದು ಬಂದು ವಿನಯದಿಂದಲೇ ಕೇಳಿದ. “ಅಜ್ಜಾ, ತಳ್ಳೋಣ್ವಾ?”

ದ್ರೋಹವನ್ನಾದರೂ ಸಹಿಸುತ್ತಿದ್ದರೇನೋ, ‘ಅಜ್ಜಾ’ ಅನ್ನುವುದು ಭಾವನಿಗೆ ಸಹಿಸಲಾಗಲಿಲ್ಲ. ಬೀಗದ ಕೈಯನ್ನು ಸೀಟಿನ ಮೇಲೆ ಎಸೆದು ಇಳಿದುಬಿಟ್ಟರು. “ನಾನು ಬಸ್ಸಲ್ಲಿ ಮನೆಗೆ ಹೋಗ್ತೀನಿ. ನಡೀ,” ಎಂದು ಹೆಂಡತಿಯನ್ನು ಕರೆದರು.

ಓರಗಿತ್ತಿ ಕದಲಲಿಲ್ಲ. “ನನಗೆ ಬುಗ್ಗೇಲಿ ಕಾಲಿಳಿಬಿಟ್ಟು ಕೂರಬೇಕು ಅನ್ನಿಸಿದೆ. ನೀವು ಹೋಗಿರಿ. ಚಳಿ ಇದೆ, ಟೋಪಿ ಹಾಕ್ಕೊಳ್ಳಿ.”

ಬಸ್ಸು ನಿಲ್ಲುವ ಜಾಗದಲ್ಲಿ ಭಾವ ಒಬ್ಬರೇ ನಿಂತಿದ್ದನ್ನು ನೋಡಲಾರದೆ ಡ್ರೈವರಮ್ಮನ ಗಂಡ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಹೋಗಿ ಕೊಟ್ಟ. ಅಣ್ಣ ಲೋಟ ತಗೊಂಡರು, ಮುಖ ನೋಡಲಿಲ್ಲ. ತಮ್ಮ ಅವರು ಕುಡಿದು ಮುಗಿಸುವ ತನಕ ಅಲ್ಲೇ ನಿಂತು, ಖಾಲಿ ಲೋಟ ಹಿಡಿದುಕೊಂಡು ವಾಪಸ್ಸಾದ. ವ್ಯಾನು ಹೊರಟ ಮೇಲೆ ಡ್ರೈವರಮ್ಮ ಕನ್ನಡಿಯಲ್ಲಿ ನೋಡಿದಳು. ಅವನು ಲೋಟವನ್ನು ಇನ್ನೂ ಕೈಯಲ್ಲೇ ಹಿಡಿದಿದ್ದ. ಗೆದ್ದೆನೆಂಬ ಹಿಗ್ಗು ಅವಳೊಳಗೆ ಅಷ್ಟು ಹೊತ್ತು ಉಬ್ಬುತ್ತಿತ್ತು. ಅದು ಹಾಲಿಗೆ ನೀರು ಚಿಮುಕಿಸಿದಂತೆ ಇಳಿದುಹೋಯಿತು.

“ಅತ್ತೇ, ನೀವು ನಮ್ಮನೇಗೇ ಬಂದುಬಿಡಿ,” ಎಂದಳು. ಹೇಳಬೇಕೆಂದು ಹೇಳಿದಳೋ, ಹೇಳದಿದ್ದರೆ ಚೆನ್ನಾಗಿರುವುದಿಲ್ಲವೆಂದು ಹೇಳಿದಳೋ, ಅವಳಿಗೇ ತಿಳಿಯದು.

“ಯಾಕೆ? ನನ್ನ ಕೋಣೆ ಅವನ ಆಫೀಸಾಗ್ಲಿ ಅಂತಾನಾ? ನಾನು ಅಲ್ಲೇ ಇರ್ತೀನಿ. ದಿನಾ ಅವನ ಕಣ್ಣೆದುರಿಗೇ ಓಡಾಡ್ತೀನಿ,” ಎಂದರು ಅತ್ತೆ. ಆಮೇಲೆ ಕೈಯನ್ನು ಬಿಸಿಗಾಳಿಯಲ್ಲಿ ಹೊರಳಿಸುತ್ತ ಸೇರಿಸಿದರು. “ಅದೂ ಅಲ್ದೆ, ‘ಈ ಮುದುಕಿ ಸೀಟು ಬಿಸಿಯಾಗೋ ಮೊದಲೇ ಪುರಾಣ ಶುರು ಮಾಡ್ತಾಳೆ’ ಅಂದೋರ ಮನೇಗೆ ಹೇಗಮ್ಮ ಬರ್ಲಿ? ಫ್ಯಾನು ಎಷ್ಟು ಅರಚಿದ್ರೂ ಪಕ್ಕದಲ್ಲಿ ಕೂತೋಳಿಗೆ ಕೇಳಿಸುತ್ತೆ.”

ಡ್ರೈವರಮ್ಮ ಎರಡನೇ ಗೇರಿಗೆ ಹಾಕಲು ಹೋಗಿ ನಾಲ್ಕಕ್ಕೆ ಹಾಕಿದಳು. ವ್ಯಾನು ಮುಕ್ಕರಿಸಿತು. ಓರಗಿತ್ತಿ ಹಿಂದೆ ನಕ್ಕ ನಗುವಿಗೆ ಅತ್ತೆಯೂ ನಕ್ಕರು, ಮಗ ಕಟ್ಟಿಕೊಟ್ಟ ಹಲ್ಲು ಪೂರ್ತಿ ಕಾಣುವಂತೆ.

ಬುಗ್ಗೆಯ ಊರಿನಿಂದ ಅವರು ಹಿಂತಿರುಗಿದಾಗ ಭಾವ ಏನೂ ನಡೆದೇ ಇಲ್ಲವೆಂಬಂತೆ ಬಾಗಿಲು ತೆರೆದು, ತಾಯಿಯ ಪೆಟ್ಟಿಗೆಯನ್ನು ತಾವೇ ಎತ್ತಿ ಅವರ ಕೋಣೆಯಲ್ಲಿಟ್ಟರು. ಕೋಣೆಯೊಳಗೆ ಆಗಲೇ ಬಂದು ಕೂತಿದ್ದ ಸಂಘದ ಮೇಜನ್ನು ಅತ್ತೆ ತಮ್ಮ ಸೀರೆ ಮಡಚಿಡಲು ಇಟ್ಟುಕೊಂಡರು. ಮುಂದಿನ ಸಭೆಯಲ್ಲಿ ಭಾವ ಹಳೆಯ ಯಂತ್ರಗಳನ್ನು ಎಸೆಯದೆ ಜೋಪಾನ ಮಾಡುವ ಬಗ್ಗೆ ಮಾತಾಡುತ್ತ, ತಮ್ಮ ಮಾರ್ಗದರ್ಶನದಲ್ಲಿ ವ್ಯಾನಿನ ಫ್ಯಾನೊಂದು ಹೇಗೆ ಮರುಜೀವ ಪಡೆಯಿತೆಂದು ವಿವರಿಸಿದರಂತೆ. ಜನ ಚಪ್ಪಾಳೆಯನ್ನೂ ತಟ್ಟಿದರಂತೆ. ಈ ಸುದ್ದಿಯನ್ನು ಹೇಳಿದ್ದು ಓರಗಿತ್ತಿ. ಅದನ್ನು ಹೇಳಲೆಂದೇ ಬಂದವಳಲ್ಲ, ಬಂದ ಕೆಲಸ ಬೇರೆಯಿತ್ತು.

“ನನಗೆ ಗಾಡಿ ಓಡ್ಸೋದು ಕಲಿಸು,” ಎಂದಳು.

ಶಾಲೆಯ ಮೈದಾನ ಭಾನುವಾರ ಖಾಲಿ. ಓರಗಿತ್ತಿ ಸೆರಗು ಬಿಗಿದು, ದಿಂಬೊಂದನ್ನು ಬೆನ್ನಿಗೆ ಕೊಟ್ಟುಕೊಂಡು ಕೂತಳು. ಅವಳ ಮಂಡಿಯಲ್ಲಿ ಯಾವ ನೋವೂ ಇರಲಿಲ್ಲ. ಕ್ಲಚ್ಚು ಒಂದೆರಡು ಸಲ ಒದ್ದಾಡಿ ಸೋತು ಶರಣಾಯಿತು. ವ್ಯಾನು ಗೋಲುಕಂಬವನ್ನು ಸುತ್ತಿ, ಧೂಳೆಬ್ಬಿಸಿ, ಕಾಂಪೌಂಡಿನ ಕಡೆಗೆ ನುಗ್ಗಿತು.

“ಅಕ್ಕಾ, ಬ್ರೇಕು! ಮೊದಲು ನಿಲ್ಸೋದು ಕಲೀರಿ!”

“ಮೊದಲು ಹೋಗೋದು ಹೇಳ್ಕೊಡೇ. ನಿಲ್ಲೋದು ನನಗೆ ಮದುವೆ ಆದಾಗಿಂದ ಗೊತ್ತು.”

ಡ್ರೈವರಮ್ಮ ಬಾಗಿಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಓರಗಿತ್ತಿ ಕಾಂಪೌಂಡು ಇನ್ನೇನು ಸಿಕ್ಕಿತು ಅನ್ನುವಾಗ ಸ್ಟಿಯರಿಂಗು ಎಳೆದು, ತೆರೆದೇ ಇದ್ದ ಗೇಟಿನತ್ತ ವ್ಯಾನನ್ನು ತಿರುಗಿಸಿದಳು.